ದೊಡ್ಡಪ್ಪನ ಕೀಬೋರ್ಡ್

ಬಿಳಿಗೆರೆಯ ದೊಡ್ಡಪ್ಪ ಫೋನಿನ ಪರದೆಯ ಮೇಲೆ ಬೆರಳಿನಲ್ಲೇ ಕನ್ನಡ ಬರೆದು ದಿನಾ ನನಗೆ ಸಂದೇಶ ಕಳಿಸುತ್ತಿದ್ದರು. ಕೊಬ್ಬರಿ ಎಂದು ಬರೆಯುವಾಗ ಒತ್ತಕ್ಷರವನ್ನು ನಿಧಾನವಾಗಿ ಎಳೆಯುತ್ತಿದ್ದರು. ಒಮ್ಮೆ ಊರಿಗೆ ಹೋಗಿದ್ದಾಗ, ಬೇಗವಾಗಲಿ ಎಂದು, ಅವರನ್ನು ಕೇಳದೆ ಅವರ ಫೋನಿಗೆ, ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವ ನನ್ನ ಇಷ್ಟದ ಕೀಬೋರ್ಡನ್ನು ಹಾಕಿಟ್ಟು ಬಂದೆ. ಅಂದಿನಿಂದ ಸಂದೇಶ ನಿಂತಿತು. ತೋಟದಲ್ಲಿ ಕಾಯಿ ಕೀಳಿಸುತ್ತಿರಬೇಕು ಎಂದುಕೊಂಡೆ.

ತಿಂಗಳ ನಂತರ ಹೋದಾಗ ಕಾರಣ ಕೇಳಿದೆ.

"ನಂಗೆ ಎಬಿಸಿಡಿ ಬರಲ್ಲ ಅಂತ ನಿಂಗೊತ್ತಿಲ್ವೇನ್ಲಾ?" ಎಂದು ನಕ್ಕರು.

ಗೊತ್ತಿತ್ತು. ನನಗೆ ಹಿತವಾದದ್ದು ಅವರಿಗೂ ಹಿತ ಎಂದುಕೊಂಡಿದ್ದೆ, ಅಷ್ಟೆ. ಹಳೆಯದನ್ನೇ ಮತ್ತೆ ಹಾಕಿ, ಬೇಕಾದ್ದನ್ನು ಆರಿಸಿಕೊಳ್ಳುವುದು ಹೇಗೆಂದು ತೋರಿಸಲು ಹೋದೆ.

"ಬುಡಪ್ಪ, ಮುಟ್ಟಿದ್ರೆ ಇನ್ನೇನಾದ್ರೂ ಕೆಟ್ಟೋದಾತು. ನೀನ್ ಬಂದಾಗ ಬಾಯಲ್ಲೇ ಹೇಳ್ತೀನಿ" ಎಂದು ಫೋನನ್ನು ಗೋಡೆಯ ಗೂಡಿನಲ್ಲಿಟ್ಟರು.