ಕೆಮ್ಮಿ ತಿರುಗಿಸುವ ಗುಂಡಿ

ಆಗೆಲ್ಲ ಮದ್ದೂರಿನ ನಮ್ಮ ಮನೆಗೆ ಭಾನುವಾರ ಬೆಳಗಾಗುತ್ತಿದ್ದುದು ಅಜ್ಜಿಯ ಕೆಮ್ಮಿನಿಂದ. ಆ ಭಾನುವಾರವೂ ಅಷ್ಟೇ. ಒಳಗೆ ಇಂಗಿನ ಒಗ್ಗರಣೆಯ ವಾಸನೆ, ಹಿತ್ತಲಲ್ಲಿ ಸೈಕಲ್ ಚೈನಿಗೆ ಗ್ರೀಸ್ ಸವರುತ್ತಿದ್ದ ಚಿಕ್ಕಪ್ಪ, ಪಡಸಾಲೆಯಲ್ಲಿ ಅಪ್ಪ ಕೈಯಾರೆ ಮಾಡಿದ ಸ್ಪೀಕರ್ ಪೆಟ್ಟಿಗೆಯಿಂದ ದೇವರನಾಮ. ಆಮೇಲೆ ಆ ಕೆಮ್ಮು. ಅದು ಕಾಯಿಲೆಯ ಕೆಮ್ಮಲ್ಲ.

ಪೆಟ್ಟಿಗೆಯಲ್ಲಿ ದಪ್ಪ ದನಿಗೊಂದು ದೊಡ್ಡ ಸ್ಪೀಕರು, ಕೀಚಲು ದನಿಗೊಂದು ಪುಟ್ಟ ಟ್ವೀಟರು; ಹಾಡನ್ನು ಎರಡಕ್ಕೂ ಹಂಚುವುದು ಕ್ರಾಸ್‌ಓವರ್. ಟ್ವೀಟರಿನ ಪಾಲು ಹೆಚ್ಚುಕಡಿಮೆ ಮಾಡಲೆಂದು ಅಪ್ಪ ಹಿಂಬದಿಯಲ್ಲಿ ತಿರುಗಿಸುವ ರೆಸಿಸ್ಟರ್ ಕೂರಿಸಿದ್ದರು. ಮನೆಯ ಜಗಳವೆಲ್ಲ ಅದರ ಗುಂಡಿಯದು. ಕಿವಿ ಮಂದವಾಗಿದ್ದ ಅಜ್ಜಿಗೆ ಕೀಚಲು ಹೆಚ್ಚಿದ್ದರೇ ಮಾತು ತಿಳಿಯುವುದು. ಚಿಕ್ಕಪ್ಪನಿಗೆ ಗುಡುಗು ಬೇಕು. ಧೂಳು ಕೂತ ಗುಂಡಿ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಆ ಸದ್ದು ಮುಚ್ಚಲು ಅಜ್ಜಿ ಕೆಮ್ಮುತ್ತಿದ್ದಳು. ಗುಂಡಿಗೆ ಅರಿಶಿನ ಅಂಟಿದ್ದರೆ ಅಜ್ಜಿ, ಗ್ರೀಸ್ ಅಂಟಿದ್ದರೆ ಚಿಕ್ಕಪ್ಪ.

ಆ ದಿನ ಕೆಮ್ಮು ಕೇಳಿದ್ದೇ ಚಿಕ್ಕಪ್ಪ ಓಡಿಬಂದ.

“ಕಿವೀಗೆ ಸೂಜಿ ಚುಚ್ದಂಗಾಯ್ತದೆ ಕಣವ್ವ!”

“ನಿಂದು ಬರೀ ದುಡುಂ ದುಡುಂ ಕಣ್ಲಾ! ದ್ಯಾವ್ರ ಎಸ್ರೇ ಕೇಳಕಿಲ್ಲ. ನಾನು ಅಲಗೂರ್‌ಗೆ ಮಗಳ ಮನ್ಗೇ ಓಯ್ತೀನಿ ಬುಡು!”

ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ನಾನು ನಡುವೆ ನಿಂತು “ಪ್ಲೀಸ್” ಅಂದೆ. ಇಬ್ಬರೂ ಒಂದಾಗಿ ನನ್ನನ್ನು ಬೈದರು. ಅಜ್ಜಿ ಚೀಲಕ್ಕೆ ಸೀರೆ, ಎಲೆಅಡಿಕೆ ಡಬ್ಬಿ ತುಂಬಿಯೇಬಿಟ್ಟಳು. ಅವಳಿಲ್ಲದೆ ನನಗೆ ನಿದ್ದೆ ಬರುವಂತಿರಲಿಲ್ಲ. ಅವಳ ಚಪ್ಪಲಿಯನ್ನು ಸೌದೆಯ ಹಿಂದೆ ಬಚ್ಚಿಟ್ಟೆ.

ಅಪ್ಪ ಸೋಲ್ಡರಿಂಗ್ ಐರನ್ ಕಾಯಿಸಿದರು. ಗುಂಡಿಯನ್ನು ಇಬ್ಬರ ಇಷ್ಟದ ನಟ್ಟನಡುವೆ ನಿಲ್ಲಿಸಿ, ಮೀಟರಿನಲ್ಲಿ ಅಳೆದು, ಕಿತ್ತುಹಾಕಿ, ಅದರ ಜಾಗಕ್ಕೆ ಅಷ್ಟೇ ತಡೆಯ ಸ್ಥಿರ ರೆಸಿಸ್ಟರನ್ನು ಬೆಸೆದರು.

“ಇನ್ ತಿರುಗ್ಸಕ್ಕೆ ಏನೂ ಇಲ್ಲ ಕಣವ್ವ. ಚೀಲ ಬಿಚ್ಚು.”

ಹಾಡು ಬಂತು. ಇಬ್ಬರಿಗೂ ಹಿಡಿಸಲಿಲ್ಲ, ಇಬ್ಬರೂ ಏಳಲಿಲ್ಲ. ಮಧ್ಯಾಹ್ನ ಅಜ್ಜಿ ರೂಢಿಯಂತೆ ಕೆಮ್ಮಿ ಪೆಟ್ಟಿಗೆಯ ಹಿಂದೆ ಕೈ ಹಾಕಿದಳು. ಬೆರಳು ಖಾಲಿ ತೂತಿನೊಳಕ್ಕೆ ಹೋಯಿತು. ಚಿಕ್ಕಪ್ಪ ನೋಡಿದ. ಬೈಯಲಿಲ್ಲ.

ಈಗ ನನ್ನ ಮನೆಯಲ್ಲಿ ಮಕ್ಕಳಿಗೆ, ಯಜಮಾನರಿಗೆ ಒಂದೊಂದು ಇಯರ್‌ಫೋನು. ಅವರವರ ಹಾಡು ಅವರವರ ಕಿವಿಗೆ. ಅಡುಗೆಮನೆಯಿಂದ ಒಮ್ಮೊಮ್ಮೆ ಸುಮ್ಮನೆ ಕೆಮ್ಮಿ ನೋಡುತ್ತೇನೆ, ಯಾರೂ ಓಡಿಬರುವುದಿಲ್ಲ. ಆಗೆಲ್ಲ ಆ ಭಾನುವಾರದ ಸಂಜೆ ನೆನಪಾಗುತ್ತದೆ. ಹೆಪ್ಪು ಕೇಳಲು ಲೋಟ ಹಿಡಿದು ಬಂದ ಪಕ್ಕದ ಮನೆಯ ಪುಟ್ಟತಾಯಮ್ಮ, ಬಾಗಿಲಲ್ಲೇ ನಿಂತು ಅಜ್ಜಿಯನ್ನು ಕೇಳಿದ್ದು:

“ಯಾಕ್ ದೊಡ್ಡವ್ವ, ಯಾರ್ಗಾರಾ ಉಸಾರಿಲ್ವಾ? ಮಧ್ಯಾನ್ದಿಂದ ಒಂದ್ ಜಗಳ್ವೂ ಕೇಳ್ನಿಲ್ಲ!”