ಹನ್ನೆರಡು ವರ್ಷ ಅತ್ತೆಯ ಹೆಸರಲ್ಲಿ

ಹೆಬ್ಬೆಟ್ಟಿಗೆ ಮಸಿ ಹಚ್ಚಿ ‘ರಂಗಮ್ಮ’ ಎಂದು ಓದಿ ಹೇಳಿದ ಮೇಲೆ ಆಕೆ ಕೈ ಹಿಂದಕ್ಕೆಳೆದುಕೊಂಡರು. “ಆ ಹೆಸ್ರು ನಂದಲ್ಲ ಸ್ವಾಮಿ, ನಮ್ಮತ್ತೇದು.”

ಅರವತ್ತರ ದಶಕದಲ್ಲಿ ಮೈಸೂರಿನ ಸ್ಥಳೀಯ ಸಂಸ್ಥೆಯೊಂದರ ಸಿಬ್ಬಂದಿ ಶಾಖೆಯಲ್ಲಿ ನಾನು ಗುಮಾಸ್ತ. ಲಕ್ಷ್ಮೀಪುರಂ ಬೀದಿ ಗುಡಿಸುವವರ ಕೆಲಸ ಖಾಯಂ ಆಗಿತ್ತು. ಅವರ ಸೇವಾ ಪುಸ್ತಕ ಬರೆಯುತ್ತಿದ್ದೆ. ಹಾಜರಿ ಪಟ್ಟಿಯಲ್ಲಿ ಈಕೆ ರಂಗಮ್ಮ. ಅತ್ತೆ ಕಾಯಿಲೆ ಬಿದ್ದಾಗ ಬದಲಿಗೆ ಬಂದವರು ಹನ್ನೆರಡು ವರ್ಷ ಅದೇ ಹೆಸರಿಗೆ ಓಗೊಟ್ಟಿದ್ದರು. ಸುಮ್ಮನೆ ಹೆಬ್ಬೆಟ್ಟು ಒತ್ತಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಕೆಲಸವೇ ಹೋಗಬಹುದಲ್ಲಮ್ಮ, ಯಾಕೆ ಹೇಳಿದ್ರಿ?” ಎಂದೆ.

“ಬೀದೀಲಿ ಎಂಗೆ ಕರೆದ್ರೂ ಸರಿ. ಖಾಯಂ ಬುಕ್ಕಲ್ಲೂ ನಾನಿಲ್ದಿದ್ರೆ ಎಂಗೆ ಸ್ವಾಮಿ? ನನ್ನೆಸ್ರು ಚಿಕ್ಕತಾಯಮ್ಮ.”

ಪುಸ್ತಕ ಹಿಡಿದು ಮೇಲಧಿಕಾರಿಗಳ ಬಳಿ ಹೋದೆ. ಅವರು ಗುಡಿಸುವವರ ಮೇಲ್ವಿಚಾರಣೆಯ ಮೇಸ್ತ್ರಿಯನ್ನು ಕರೆಸಿ, ಇಷ್ಟು ವರ್ಷ ಗುಡಿಸಿದ್ದು ಈಕೆಯೇ ಎಂದು ಬರೆಸಿಕೊಂಡು, ‘ಚಿಕ್ಕತಾಯಮ್ಮ ಉರುಫ್ ರಂಗಮ್ಮ’ ಎಂದು ಸೇರಿಸಲು ಒಪ್ಪಿದರು. ನಾನು ಓದಿ ಹೇಳಿದಾಗ ಆಕೆ ಇನ್ನೊಮ್ಮೆ ಓದಿಸಿಕೊಂಡು, ಆಮೇಲೆ ಹೆಬ್ಬೆಟ್ಟು ಒತ್ತಿದರು.

ಅಲ್ಲಿಂದ ನಿವೃತ್ತನಾಗುವವರೆಗೂ ಎಷ್ಟೋ ಸೇವಾ ಪುಸ್ತಕ ಬರೆದೆ. ಪಟ್ಟಿ ಪಕ್ಕದಲ್ಲೇ ಇದ್ದರೂ, ಎದುರಿಗೆ ನಿಂತವರನ್ನು ಹೆಸರೇನೆಂದು ಒಂದು ಮಾತು ಕೇಳದೆ ಬರೆಯಲು ಕೈ ಏಳುತ್ತಿರಲಿಲ್ಲ.