ಮೋಮೋ ಗಾಡಿಯ ಹಿಂದೆ ನನ್ನ ಗಂಡ

ನನ್ನ ಗಂಡನಿಗೆ ಹಿಟ್ಟು ಕಲಸಲು ಬರುತ್ತದೆ ಎಂಬ ವಿಷಯ ನನಗೆ ತಿಳಿದದ್ದು ಮದುವೆಯಾಗಿ ಇಪ್ಪತ್ತಮೂರು ವರ್ಷ ಕಳೆದ ಮೇಲೆ, ಅದೂ ಮೂಡುಬಿದಿರೆಯ ರಸ್ತೆ ಬದಿಯಲ್ಲಿ, ಕಾಲೇಜು ಮಕ್ಕಳ ಗುಂಪಿನ ನಡುವೆ ನಿಂತು. ಆ ದಿನಕ್ಕೆ ನನ್ನ ಬಲಗೈಗೆ ಪಟ್ಟಿ ಬಿದ್ದು ಹನ್ನೊಂದು ದಿನವಾಗಿತ್ತು.

ಪಟ್ಟಿಯ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. ಹೆಬ್ಬೆರಳಿನ ಬುಡದಲ್ಲಿ ಶುರುವಾದ ನೋವು ಮೊಣಕೈವರೆಗೆ ಏರಿ, ಕಾಯಿ ತುರಿಯುವಾಗ ಕಣ್ಣಲ್ಲಿ ನೀರು ಬರುವಷ್ಟಾದಾಗ ಬೆಳ್ತಂಗಡಿಗೆ ಹೋಗಿ ತೋರಿಸಿದೆವು. ಡಾಕ್ಟರು ಮಣಿಕಟ್ಟನ್ನು ಅತ್ತಿತ್ತ ತಿರುಗಿಸಿ, ನಾನು ಕಿರುಚಿದ ಮೇಲೆ ಬಿಟ್ಟು, "ಮೂರು ತಿಂಗಳು ಈ ಕೈಗೆ ರಜೆ. ಕಾಯಿ ತುರಿಯುವುದು, ಹಿಟ್ಟು ಕಲಸುವುದು, ಬಟ್ಟೆ ಹಿಂಡುವುದು ಎಂತದೂ ಇಲ್ಲ. ಕೇಳದಿದ್ರೆ ಆಮೇಲೆ ಆಪರೇಷನ್ನೇ" ಎಂದರು. ಪಕ್ಕದ ಕುರ್ಚಿಯಲ್ಲಿದ್ದ ನನ್ನ ಗಂಡ ಗಂಭೀರವಾಗಿ ತಲೆಯಾಡಿಸಿದರು. ಮಡಂತ್ಯಾರಿಗೆ ಬಂದು ಬಸ್ಸಿಳಿದು ಮನೆ ಕಡೆ ನಡೆಯುವಾಗ, "ಹಾಗಾದ್ರೆ ಇವತ್ತು ರಾತ್ರಿ ಚಪಾತಿ ಬೇಡ, ಅನ್ನವೇ ಸಾಕು" ಎಂದರು. ದೊಡ್ಡ ದಾನ ಮಾಡಿದವರ ಮುಖ. ಅನ್ನ ತಾನಾಗಿ ಬೇಯುತ್ತದೆ, ಸಾರಿನ ತೆಂಗಿನಕಾಯಿ ತನ್ನನ್ನು ತಾನೇ ತುರಿದುಕೊಳ್ಳುತ್ತದೆ ಎಂದು ಅವರು ತಿಳಿದಿರಬೇಕು.

ಮೂರನೆಯ ದಿನ ಮತ್ತೆ ಚಪಾತಿ ಶುರುವಾಯಿತು. ಅವರು ಬಾಯಿಬಿಟ್ಟು ಕೇಳಲಿಲ್ಲ, ಸುಳ್ಳು ಹೇಳಬಾರದು. ತಟ್ಟೆಯಲ್ಲಿ ಅನ್ನವನ್ನು ಎರಡು ಸಲ ಕೆದಕಿ ಎದ್ದರು, ಅಷ್ಟೇ. ನಾನೇ ಎಡಗೈಯಲ್ಲಿ ಹಿಟ್ಟು ಕಲಸಿ, ಬಲಗೈಯ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿದೆ. ಅವರು ಟಿವಿಯ ಎದುರು ಕೂತು ನಾಲ್ಕು ಚಪಾತಿ ತಿಂದು, "ಸ್ವಲ್ಪ ಗಟ್ಟಿ ಆಗಿದೆ" ಎಂದರು.

ಇಪ್ಪತ್ತು ವರ್ಷ ಅವರು ಗಲ್ಫಿನಲ್ಲಿದ್ದರು, ಒಂದು ಕಂಪೆನಿಯ ಗೋದಾಮಿನಲ್ಲಿ. ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ನಮ್ಮ ಕಡೆ ರಜೆಯಲ್ಲಿ ಬಂದ ಗಲ್ಫಿನ ಗಂಡಸೆಂದರೆ ಮನೆಗೆ ಬಂದ ನೆಂಟ. ಬೆಳಿಗ್ಗೆ ನೀರುದೋಸೆ, ಮಧ್ಯಾಹ್ನ ಮೀನು, ರಾತ್ರಿ ಕೋಳಿ. ಅವನು ಕುಡಿದ ಲೋಟವನ್ನು ಅವನು ಎತ್ತಬಾರದು. "ಅಲ್ಲಿ ಕತ್ತೆ ದುಡಿದ ಹಾಗೆ ದುಡಿದು ಬಂದಿದ್ದಾನೆ, ಎರಡು ತಿಂಗಳು ಕೂತು ಉಣ್ಣಲಿ" ಎಂದು ಅತ್ತೆ ಹೇಳುತ್ತಿದ್ದರು. ನಾನೂ ಹಾಗೆಯೇ ನಡೆದುಕೊಂಡೆ. ಉಳಿದ ಇಪ್ಪತ್ತೆರಡು ತಿಂಗಳು ಫೋನು. "ಊಟ ಆಯ್ತಾ?" ಎಂದು ನಾನು ಕೇಳಬೇಕು, "ಆಯ್ತು" ಎಂದು ಅವರು ಹೇಳಬೇಕು. ಅಲ್ಲಿಗೆ ಊಟದ ಮಾತು ಮುಗಿಯಿತು. ಕಂಪೆನಿಯವರು ಯಾವುದೋ ಮೆಸ್ಸಿನಲ್ಲಿ ಹಾಕುತ್ತಾರೆ ಎಂದುಕೊಂಡಿದ್ದೆ. ಅತ್ತೆ ತೀರಿ ಆರು ವರ್ಷವಾಯಿತು, ಅವರು ಕೆಲಸ ಬಿಟ್ಟು ಬಂದು ಮೂರು ವರ್ಷವಾಯಿತು. ಎರಡು ತಿಂಗಳ ರಜೆ ಮಾತ್ರ ಮುಗಿಯಲೇ ಇಲ್ಲ.

ಮಗಳು ಮೂಡುಬಿದಿರೆಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಆ ಶನಿವಾರ ಅವಳನ್ನು ನೋಡಲು ಹೊರಟೆವು. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ಮೇಲೆ ಹೋಗಿ ಇಳಿಯುವಾಗ ಸಂಜೆ ನಾಲ್ಕೂವರೆ. ಮಗಳು ಗೇಟಿನಲ್ಲೇ ನನ್ನ ಚೀಲ ಕಸಿದುಕೊಂಡು, "ಅಮ್ಮ, ಇವತ್ತು ನಿಮಗೆ ಇಡೀ ಪ್ರಪಂಚ ತಿನ್ನಿಸ್ತೇನೆ, ಬನ್ನಿ" ಎಂದು ಎಳೆದುಕೊಂಡು ಹೋದಳು.

ಪ್ರಪಂಚ ಎಂದರೆ ರಸ್ತೆ ಬದಿಯ ಹತ್ತು ಹನ್ನೆರಡು ಗಾಡಿಗಳು. ಒಂದರಲ್ಲಿ ಅರಬ್ ನಾಡಿನ ಶವರ್ಮಾ, ಮುಂದಿನದರಲ್ಲಿ ಕೊರಿಯಾದ ಬನ್, ಅದರಾಚೆ ಮೆಕ್ಸಿಕೋದ ಟಾಕೋ. ನಾನು ಬಂಟ್ವಾಳ ಪೇಟೆಯಲ್ಲಿ ಬೆಳೆದವಳು. ಹೊರಗಿನ ತಿಂಡಿ ಎಂದರೆ ನಮಗೆ ಗೋಳಿಬಜೆ, ಬನ್ಸು, ಕಲ್ತಪ್ಪ. ಕೈ ನೋಯುತ್ತಿತ್ತು, ಬಸ್ಸಿನಲ್ಲಿ ಸೀಟು ಸಿಕ್ಕಿರಲಿಲ್ಲ, ಹಾಗಾಗಿ ಯಾವುದೂ ಚಂದ ಕಾಣಲಿಲ್ಲ. ಟಾಕೋ ಕಚ್ಚಿದರೆ ಅದರ ಹಪ್ಪಳದಂಥ ಹೊದಿಕೆ ಮುರಿದು ಅರ್ಧ ಸೆರಗಿಗೆ ಬಿತ್ತು. ಕೊರಿಯಾದ ಬನ್ನಿನ ಒಳಗೂ ಮೆಕ್ಸಿಕೋದ ಒಳಗೂ ಒಂದೇ ಬಿಳಿ ಸಾಸು. "ಇಷ್ಟು ದೂರದ ದೇಶಗಳು ಒಂದೇ ಬಾಟ್ಲಿಯಿಂದ ತಿನ್ನುತ್ತವಾ ಮಾರಾಯ್ತಿ?" ಎಂದೆ. ಮಗಳಿಗೆ ಬೇಸರವಾಯಿತು. ಗಂಡ ತಮ್ಮ ಪಾಲನ್ನು ತಿಂದು, ಖಾಲಿ ತಟ್ಟೆಯನ್ನು ಹಿಡಿಯಲು ನನ್ನ ಕಡೆ ಚಾಚಿದರು. ನನ್ನ ಪಟ್ಟಿ ಕಟ್ಟಿದ ಕೈಯ ಕಡೆಗೇ ಚಾಚಿದರು. ನಾನು ತೆಗೆದುಕೊಂಡೆ ಕೂಡ. ಅಭ್ಯಾಸ ಎಂಬುದು ಅಂಥದ್ದು.

ಕೊನೆಯ ಗಾಡಿ ಮೋಮೋದ್ದು. ನಡುವಯಸ್ಸಿನ ಒಬ್ಬ ನೇಪಾಳಿ ಒಬ್ಬನೇ ನಿಂತು ಲಟ್ಟಿಸುವುದು, ತುಂಬುವುದು, ಬೇಯಿಸುವುದು, ಕೊಡುವುದು ಎಲ್ಲ ಮಾಡುತ್ತಿದ್ದ. ಜೊತೆಯವನಿಗೆ ಜ್ವರ ಬಂದು ಮಲಗಿದ್ದನಂತೆ. ಮೂವತ್ತು ಮಕ್ಕಳಾದರೂ ಕಾಯುತ್ತಿದ್ದರು. ಅವನು ಫೋನನ್ನು ಕಿವಿ ಮತ್ತು ಹೆಗಲ ನಡುವೆ ಸಿಕ್ಕಿಸಿಕೊಂಡು ತನ್ನ ಭಾಷೆಯಲ್ಲಿ ಯಾರಿಗೋ ಕಷ್ಟ ಹೇಳಿಕೊಳ್ಳುತ್ತಿದ್ದ. ನನ್ನ ಗಂಡ ತಟ್ಟನೆ ತಲೆಯೆತ್ತಿದರು. ಮುಂದೆ ಹೋಗಿ ಅದೇ ಭಾಷೆಯಲ್ಲಿ ಏನೋ ಹೇಳಿದರು.

ನಾನೂ ಮಗಳೂ ಮುಖ ಮುಖ ನೋಡಿಕೊಂಡೆವು. ಆ ನೇಪಾಳಿ ಬಾಯಿ ಬಿಟ್ಟುಕೊಂಡು ನಿಂತ, ಆಮೇಲೆ ನಕ್ಕ, ಇಬ್ಬರೂ ಒಂದು ಕ್ಷಣ ಜೋರಾಗಿ ಮಾತಾಡಿದರು. ಅಷ್ಟರಲ್ಲಿ ನನ್ನ ಗಂಡ ಕೈಗಡಿಯಾರ ಬಿಚ್ಚಿ ಮಗಳಿಗೆ ಕೊಟ್ಟು, ಅಂಗಿಯ ತೋಳು ಮಡಚಿ, ಡ್ರಮ್ಮಿನ ನೀರಲ್ಲಿ ಮೊಣಕೈವರೆಗೆ ಕೈ ತೊಳೆದು ಗಾಡಿಯ ಹಿಂದೆ ಹೋಗಿ ನಿಂತರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಮೈದಾ ಸುರಿದರು, ನೀರು ಚಿಮುಕಿಸಿದರು, ಕಲಸಿದರು. ಹಿಟ್ಟನ್ನು ಎತ್ತಿ ಹಲಗೆಗೆ ಬಡಿದು ನಾದಿದರು. ಎರಡೂ ಕೈ, ಒಳ್ಳೇ ಗಟ್ಟಿ ಕೈ, ಯಾವ ಡಾಕ್ಟರೂ ರಜೆ ಕೊಡದ ಕೈ. ಸಣ್ಣ ಉಂಡೆ ಹರಿದು, ಕಿರುಬೆರಳಷ್ಟು ದಪ್ಪದ ಲಟ್ಟಣಿಗೆಯಲ್ಲಿ ಅಂಚು ತೆಳ್ಳಗೆ, ನಡು ದಪ್ಪಗೆ ಬರುವ ಹಾಗೆ ಲಟ್ಟಿಸಿದರು. ಎಲೆಕೋಸಿನ ಹೂರಣ ಇಟ್ಟು, ಹೆಬ್ಬೆರಳಲ್ಲಿ ಒತ್ತಿ ಹಿಡಿದು, ಸುತ್ತ ನೆರಿಗೆ ಹಿಡಿಯುತ್ತ ಬಂದರು. ನನ್ನ ಸೀರೆಯ ನೆರಿಗೆಯೂ ಅಷ್ಟು ಸಮ ಬರುವುದಿಲ್ಲ. ಒಂದಾದ ಮೇಲೆ ಒಂದು ತಟ್ಟೆ ತುಂಬಿತು. ಮಗಳು ಮೊಬೈಲು ಹಿಡಿದು, "ಪಪ್ಪ, ನಿಮಗೆ ಇದೆಲ್ಲ ಬರ್ತದಾ?" ಎಂದು ಕುಣಿದಳು. ಅವರು ತಲೆಯೆತ್ತದೆ ನಕ್ಕರು. ಮನೆಯಲ್ಲಿ ಆ ನಗು ನೋಡಿದ ನೆನಪು ನನಗಿಲ್ಲ.

ಮೊದಲು ನನಗೆ ಆಶ್ಚರ್ಯವಾಯಿತು. ಅದು ಎರಡು ನಿಮಿಷ. ಆಮೇಲೆ ಪಾದದಿಂದ ಸಿಟ್ಟು ಏರತೊಡಗಿತು. ನಿನ್ನೆ ರಾತ್ರಿ ನಾನು ಒಂದೂವರೆ ಕೈಯಲ್ಲಿ ಹಿಟ್ಟು ನಾದುವಾಗ ಈ ಎರಡು ಕೈಗಳು ಟಿವಿ ರಿಮೋಟು ಹಿಡಿದು ಕೂತಿದ್ದವಲ್ಲ! ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಸುಮ್ಮನೆ ಹೇಳುತ್ತಾರಾ? ಈಗ ನೇಪಾಳಿಯ ಜೊತೆ ಹಿಂದಿಯಲ್ಲಿ ಮಾತು ನಡೆದಿತ್ತು. ಅದು ನನಗೆ ಅರ್ಥವಾಗುತ್ತದೆ. "ನಮ್ಮ ರೂಮಿನಲ್ಲಿ ಆರು ಜನ. ನಾಲ್ವರು ನಿಮ್ಮವರೇ. ಶುಕ್ರವಾರದ ಅಡುಗೆ ಹನ್ನೊಂದು ವರ್ಷ ನನ್ನದೇ" ಎನ್ನುತ್ತಿದ್ದರು. ಯಾರಿಗೆ ಖಾರ ಆಗುತ್ತಿರಲಿಲ್ಲ, ಯಾರಿಗೆ ಈರುಳ್ಳಿ ಸೇರುತ್ತಿರಲಿಲ್ಲ ಎಂಬುದೆಲ್ಲ ಬಂತು. ನನಗೆ ಇಪ್ಪತ್ತು ವರ್ಷದಲ್ಲಿ ಹೇಳದ್ದನ್ನು ಇಪ್ಪತ್ತು ನಿಮಿಷದ ಪರಿಚಯದವನಿಗೆ ಹೇಳಿದರು. ಕೆಲಸ ಮಾಡದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ನಮ್ಮ ರೂಮು ಎಂದರಲ್ಲ, ಆ "ನಮ್ಮ" ಎಂಬ ಮಾತೂ ಚುಚ್ಚಿತು.

ಗುಂಪು ಕರಗಿದ ಮೇಲೆ ನೇಪಾಳಿ ನನ್ನ ಮುಂದೆ ಒಂದು ತಟ್ಟೆ ತಂದಿಟ್ಟ. ಶನಿವಾರ ನಾನು ಮೀನು ಮಾಂಸ ಮುಟ್ಟುವುದಿಲ್ಲವೆಂದು ಎಲೆಕೋಸಿನದ್ದೇ. ಜೊತೆಗೆ ಎಳ್ಳು ಹುರಿದು ಟೊಮೆಟೊ ಹಾಕಿ ಅರೆದ ಕೆಂಪು ಚಟ್ನಿ. ಮೈದಾದ ಪದರ ನೀರುದೋಸೆಯಷ್ಟು ಮೆತ್ತಗಿತ್ತು. ಆ ಇಡೀ ಸಾಲಿನಲ್ಲಿ ನಾಲಿಗೆಗೆ ಹಿಡಿಸಿದ್ದು ಅದೊಂದೇ, ಅದನ್ನು ಮಾಡಿದವರು ನನ್ನ ಗಂಡ. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ನೇಪಾಳಿ ತನಗೆ ಬರುವಷ್ಟು ಕನ್ನಡದಲ್ಲಿ, "ಅಕ್ಕ, ನೀವು ಪುಣ್ಯ ಮಾಡಿದ್ದೀರಿ. ಮನೆಯಲ್ಲಿ ದಿನಾ ಇವರ ಕೈಯೂಟ" ಎಂದ. ನಾನು ಬಾಯಲ್ಲಿದ್ದ ಮೋಮೋವನ್ನು ಅಗಿಯುತ್ತ ಇದ್ದುಬಿಟ್ಟೆ.

ಹಿಂದಿರುಗುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತು. ವೇಣೂರು ಬರುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ನಿಮಗೆ ಇಷ್ಟೆಲ್ಲ ಬರ್ತದೆ ಅಂತ ಒಂದು ಮಾತು ಹೇಳ್ಲಿಕ್ಕೆ ಎಂತ ಆಗಿತ್ತು?"

"ನೀನು ಕೇಳಲಿಲ್ಲ."

"ಕೈಗೆ ಪಟ್ಟಿ ಕಟ್ಟಿದ ಮೇಲೂ ಕೇಳ್ಬೇಕಾ? ಕಣ್ಣು ಕಾಣುವುದಿಲ್ವಾ?"

ಮುಂದಿನ ಸೀಟಿನವರು ತಿರುಗಿ ನೋಡಿದರು. ನನ್ನ ಗಂಡ ಕಿಟಕಿಯ ಕಡೆ ಮುಖ ಮಾಡಿದರು. "ಎರಡನೇ ಸಲ ರಜೆಯಲ್ಲಿ ಬಂದಾಗ ಟೊಮೆಟೊ ಹಾಕಿ ಮೊಟ್ಟೆ ಮಾಡ್ಲಿಕ್ಕೆ ಹೊರಟದ್ದು ನೆನಪುಂಟಾ ನಿನಗೆ?" ಎಂದರು.

ನೆನಪಿತ್ತು. ಅಲ್ಲಿ ರೂಮಿನಲ್ಲಿದ್ದ ಈಜಿಪ್ಟಿನವನೊಬ್ಬ ಕಲಿಸಿದ್ದು, ರುಚಿ ನೋಡು ಎಂದು ಬೆಳಿಗ್ಗೆ ಒಲೆ ಹಚ್ಚಿದ್ದರು. ಟೊಮೆಟೊ ಬಾಡಿ ಮೊಟ್ಟೆ ಒಡೆಯುವ ಹೊತ್ತಿಗೆ ಅತ್ತೆ ಬಂದರು. ಬೈದದ್ದು ಮಗನಿಗಲ್ಲ, ನನಗೆ. ಗಂಡಸನ್ನು ಒಲೆ ಮುಂದೆ ನಿಲ್ಲಿಸಿ ಚಂದ ನೋಡುತ್ತೀಯಾ ಎಂದರು. ನಾನು ಗಂಡನ ಕೈಯಿಂದ ಸೌಟು ಕಸಿದು, ಹೊರಗೆ ಹೋಗಿ ಕೂತುಕೊಳ್ಳಿ, ನನ್ನ ಮರ್ಯಾದೆ ತೆಗೆಯಬೇಡಿ ಎಂದು ತಳ್ಳಿದ್ದೆ. ಆ ಮೊಟ್ಟೆ ಏನಾಯಿತೋ ನೆನಪಿಲ್ಲ.

"ನೀನು ಹಿತ್ತಿಲಲ್ಲಿ ಅತ್ತದ್ದು ನಾನು ನೋಡಿದ್ದೇನೆ. ಮತ್ತೆ ನಿನ್ನ ಅಡುಗೆಮನೆಗೆ ಬರುವುದು ಬೇಡ ಅಂತ ಮಾಡಿದೆ" ಎಂದರು.

ಆದರೆ ಅಷ್ಟು ಸುಲಭಕ್ಕೆ ಬಿಡಲು ನಾನು ತಯಾರಿರಲಿಲ್ಲ. "ಅತ್ತೆ ಹೋಗಿ ಆರು ವರ್ಷ ಆಯ್ತು. ನೀವು ಬಂದು ಮೂರು ವರ್ಷ ಆಯ್ತು. ಅಲ್ಲಿಂದ ಮತ್ತೆ ಯಾರ ಹೆದರಿಕೆ? ಕೂತಲ್ಲಿಗೇ ಬರ್ತದೆ, ಮತ್ತೆ ಯಾಕೆ ಏಳುವುದು ಅಂತ ಅಲ್ವಾ?" ಎಂದೆ.

ಅವರು ಇಲ್ಲ ಎನ್ನಲಿಲ್ಲ. "ಹೌದು, ಅದೂ ಉಂಟು" ಎಂದರು. ಆಮೇಲೆ, "ಅಭ್ಯಾಸ ಆಗಿಬಿಟ್ಟಿತು ಮಾರಾಯ್ತಿ, ನೆಂಟನ ಹಾಗೆ ಇರ್ಲಿಕ್ಕೆ" ಎಂದರು. ಗುರುವಾಯನಕೆರೆಯವರೆಗೆ ನಾನು ಪಟ್ಟಿಯ ಅಂಚನ್ನು ಬಿಡಿಸುತ್ತ ಸುತ್ತುತ್ತ ಕೂತಿದ್ದೆ. ಅವರನ್ನು ನೆಂಟನಾಗಿ ಮಾಡಿದವರಲ್ಲಿ ನಾನೂ ಒಬ್ಬಳು ಎಂದು ಗೊತ್ತಿತ್ತು. ಗೊತ್ತಾದರೆ ಸಿಟ್ಟು ಇಳಿಯುತ್ತದೆ ಎನ್ನುವುದೆಲ್ಲ ಸುಳ್ಳು. ಎಲ್ಲಿ ಹಾಕುವುದೆಂದು ತಿಳಿಯದೆ ಅದು ಹಾಗೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಎದ್ದಾಗ ಪಕ್ಕದಲ್ಲಿ ಅವರಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆ ಸದ್ದು. ಕಾಲು ತಾನಾಗಿ ಆ ಕಡೆ ಹೋಯಿತು. ಬಾಗಿಲವರೆಗೆ ಹೋದವಳು ಹಲ್ಲು ಕಚ್ಚಿ ತಿರುಗಿ, ಜಗಲಿಯಲ್ಲಿ ಅವರು ದಿನಾ ಕೂರುವ ಕುರ್ಚಿಯಲ್ಲಿ ಹೋಗಿ ಕೂತೆ. ಟೊಮೆಟೊ ಬಾಡುವ ವಾಸನೆ ಬಂತು. ಆ ಕುರ್ಚಿಯಲ್ಲಿ ಕೂತರೆ ರಸ್ತೆಯ ತಿರುವು ಕಾಣುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಒಳಗಿನಿಂದ, ನೆಂಟರು ಕೇಳುವ ಹಾಗೆ, ದನಿ ಬಂತು. "ನೀವು ಇಲ್ಲಿ ಉಪ್ಪು ಎಲ್ಲಿ ಇಡುವುದು?"

ಆರು ಜನರ ರೂಮಿನಲ್ಲಿ ಯಾರಿಗೆ ಎಷ್ಟು ಉಪ್ಪು ಎಂದು ತಿಳಿದಿದ್ದ ಮನುಷ್ಯ. ಈ ಮನೆಯ ಅಡಿಪಾಯಕ್ಕೆ ಕಲ್ಲು ಇಡಿಸಿದವರೂ ಅವರೇ. ಮೇಲಿನ ಹಲಗೆ, ಎಡಗಡೆ, ನೀಲಿ ಮುಚ್ಚಳದ ಡಬ್ಬ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕುರ್ಚಿಯ ಕೈ ಹಿಡಿದು ಅರ್ಧ ಎದ್ದೂ ಆಗಿತ್ತು. ಮಣಿಕಟ್ಟು ಚುಳ್ ಎಂದಿತು. ಮತ್ತೆ ಕೂತೆ.

"ಹುಡುಕಿ" ಎಂದೆ, ಅಡುಗೆಮನೆಗೆ ಕೇಳುವಷ್ಟು ಜೋರಾಗಿ. "ನಿಮ್ಮದೇ ಮನೆ."

ಒಳಗೆ ಒಂದೊಂದೇ ಡಬ್ಬದ ಮುಚ್ಚಳ ತೆರೆಯುವ ಸದ್ದು ಶುರುವಾಯಿತು.